ಹೆಸರಿಲ್ಲದ ಶೀರ್ಷಿಕೆ

“ಇದು ನನ್ನ ಪತ್ರಿಕೆ ಅಲ್ಲ,” ಎಂದ ಸಂಪಾದಕ ಎಸೆಂಗುಲ್. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದ. “ನನ್ನದೇ. ಆದ್ರೆ ನಾನು ಮಾಡಿದ್ದಲ್ಲ.”

ಕಲಿಪಾ ಬಂದ ನಗುವನ್ನು ನುಂಗಿಕೊಂಡಳು. ಪೊಲೀಸ್ ತನಿಖೆಯಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದ ಹೆಂಗಸು ಅವಳು. ಮಂಡಿನೋವು ಬಿಟ್ಟರೆ ಸರ್ಕಾರ ಕೊಟ್ಟಿದ್ದೇನೂ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಆದರೂ ಊರಿನಲ್ಲಿ ಕುರಿ ಕಳೆದರೂ ಸೊಸೆ ಮುನಿದರೂ ಜನ ‘ಎಜೆ’, ಅಂದರೆ ಅಕ್ಕ, ಎಂದು ಕರೆಯುತ್ತ ಮೊದಲು ತಟ್ಟುತ್ತಿದ್ದುದು ಅವಳ ಬಾಗಿಲನ್ನೇ.

ಅಚ್ಚುಮನೆಯ ಕಬ್ಬಿಣದ ಮೇಜಿನ ಮೇಲೆ ಹರಡಿದ್ದ ಹಾಳೆ ನಿನ್ನೆ ಮುಂಜಾನೆ ಅವಳ ಪಕ್ಕದ ಮನೆಯ ಬಾತ್ಮಾಳ ಗೇಟಿನ ಸಂದಿಯಲ್ಲಿ ಸಿಕ್ಕಿದ್ದು. ಐದು ಚಳಿಗಾಲದ ಹಿಂದೆ ಕಣಿವೆ ದಾರಿಯಲ್ಲಿ ಹಿಮ ಕುಸಿದು, ಲಾರಿ ಸಮೇತ ಕಾಣೆಯಾದ ಬಾತ್ಮಾಳ ಮಗ ಬದುಕಿದ್ದಾನೆ ಎಂದು ಅದು ಸಾರುತ್ತಿತ್ತು.

ಬಾತ್ಮಾ ಆ ಹಾಳೆಯನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀದಿಗೆಲ್ಲ ಬಾಯಲ್ಲೇ ಹೇಳಿಬಂದಿದ್ದಳು. ನಾಳೆ ನೂರುಜ್, ವಸಂತದ ಹೊಸವರ್ಷದ ಹಬ್ಬ. ಟಗರು ಕಡಿದು ಬೀದಿಗೇ ಊಟ ಹಾಕುವುದೆಂದು ನಿಶ್ಚಯಿಸಿಬಿಟ್ಟಿದ್ದಳು. ಇವತ್ತು ಬೆಳಿಗ್ಗೆ ಹಾಳೆಯನ್ನು ಕಲಿಪಾಳ ಕೈಗಿಟ್ಟು, ಹಬ್ಬದ ಸಂಚಿಕೆಯಲ್ಲಿ ಇದು ಮೊದಲ ಪುಟದಲ್ಲೇ ಬರುತ್ತದಾ ಕೇಳಿಕೊಂಡು ಬಾ ಎಂದು ಕಳಿಸಿದ್ದಳು. ಅವಳ ಮುಖದಲ್ಲಿದ್ದ ಬೆಳಕನ್ನು ನೋಡಿ ಕಲಿಪಾ ಚಹಾ ಕೂಡ ಕುಡಿಯದೆ ಹೊರಟುಬಂದಿದ್ದಳು.

ಟಗರಿನ ಕುತ್ತಿಗೆಗೆ ಕತ್ತಿ ಬೀಳುವ ಮೊದಲು ಈ ಸುದ್ದಿ ನಿಜವೋ ಸುಳ್ಳೋ ಗೊತ್ತಾಗಬೇಕು. ಬೀದಿಯ ಜನರೆಲ್ಲ ಕೂತು ಉಂಡೆದ್ದ ಮೇಲೆ ಅದು ಸುಳ್ಳಾದರೆ ಆ ಮುದುಕಿ ಎರಡನೇ ಸಲ ಮಗನನ್ನು ಕಳೆದುಕೊಳ್ಳುತ್ತಾಳೆ, ಅದೂ ಎಲ್ಲರ ಎದುರಿಗೆ.

ಹಾಳೆಯ ನೆತ್ತಿಯಲ್ಲಿ ಪತ್ರಿಕೆಯ ಹೆಸರು, ‘ಜಾರ್ಚಿ’. ಊರಿಗೆ ಡಂಗುರ ಸಾರುವವನ ಹೆಸರು ಅದು. ಅಕ್ಷರ ಅಚ್ಚ ಕೆಂಪು, ಎರಡು ಪಕ್ಕದಲ್ಲೂ ಟಗರುಕೊಂಬಿನ ಬಳ್ಳಿ. ಅದರ ಕೆಳಗೆ ಪುಟದ ಅಗಲಕ್ಕೂ ಒಂದು ಕಪ್ಪು ಶೀರ್ಷಿಕೆ:

ಹಿಮದ ದಾರಿಗೆ ಹೋದವರು ಬದುಕಿದ್ದಾರೆ

ಅದಕ್ಕೂ ಕೆಳಗೆ ಇರುವೆ ಸಾಲಿನಂಥ ಸಣ್ಣ ಉಪಶೀರ್ಷಿಕೆ:

ಕೋಯ್‌ಚುವಿನ ಮಗ ಮೆದೆರ್ ಕಾರಾ-ಗೋವ್ ಸುಣ್ಣದ ಭಟ್ಟಿಯಲ್ಲಿ. ಎಡಗಿವಿ ಕೇಳದು, ಉಳಿದಂತೆ ಕ್ಷೇಮ

ಅಷ್ಟೇ. ಉಳಿದ ಹಾಳೆ ಖಾಲಿ.

ಕಾರಾ-ಗೋವ್ ಕಣಿವೆಯ ಆಚೆಗಿದೆ. ಹಿಮ ಕರಗದೆ ಲಾರಿ ಹತ್ತುವುದಿಲ್ಲ, ಟೆಲಿಫೋನ್ ತಂತಿ ಹರಿದು ತಿಂಗಳಾಗಿತ್ತು. ಕೇಳಿ ತಿಳಿಯೋಣವೆಂದರೆ ದಾರಿಯೇ ಇರಲಿಲ್ಲ. ಬದುಕಿದ್ದರೆ ಇಷ್ಟು ವರ್ಷ ಮಗ ಎಲ್ಲಿದ್ದ, ತಾಯಿಗೆ ಒಂದು ಮಾತು ಯಾಕೆ ಕಳಿಸಲಿಲ್ಲ ಎಂಬುದಕ್ಕೆ ಕಲಿಪಾಗೆ ಉತ್ತರ ಹೊಳೆದಿರಲಿಲ್ಲ. ಆ ಕಿವಿಯ ವಿಷಯವಂತೂ ಅವಳ ಅನುಮಾನವನ್ನು ಹೆಚ್ಚೇ ಮಾಡಿತ್ತು. ಸುಳ್ಳು ಹೇಳುವವರು ನಂಬಿಸಲಿಕ್ಕೆಂದೇ ಇಂಥ ಚಿಲ್ಲರೆ ವಿವರ ಸೇರಿಸುತ್ತಾರೆ ಎಂಬುದನ್ನು ಅವಳು ಠಾಣೆಯಲ್ಲಿ ಎಷ್ಟೋ ಸಲ ಕಂಡಿದ್ದಳು. ಅದಕ್ಕೇ ಬೆಳಿಗ್ಗೆ ಬಾತ್ಮಾಗೆ ಆ ಸಣ್ಣ ಸಾಲನ್ನು ಓದಿ ಹೇಳಿರಲಿಲ್ಲ. ಬಾತ್ಮಾಳ ಕಣ್ಣಿಗೆ ದಪ್ಪ ಅಕ್ಷರ ಮಾತ್ರ ಹತ್ತುತ್ತಿತ್ತು.

ಎಸೆಂಗುಲ್‌ಗೆ ಅಪರಾಧಕ್ಕಿಂತ ಶೀರ್ಷಿಕೆಯ ಕುರೂಪವೇ ಹೆಚ್ಚು ನೋವು ಕೊಟ್ಟಂತಿತ್ತು. ತನ್ನ ಪತ್ರಿಕೆಯಲ್ಲಿ ಒಳ್ಳೆಯ ಸುದ್ದಿ ಹೇಗೆ ನಿಲ್ಲಬೇಕು ಎಂದು ಅವನು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಮೇಲೆ ಒಂದು ಸಣ್ಣ ಸಾಲಿನಲ್ಲಿ ಯಾವ ಊರು, ಯಾವ ಮನೆತನ ಎಂಬುದು. ನಡುವೆ ದಪ್ಪ ಮೊಳೆಯಲ್ಲಿ, ಅಂದರೆ ಸೀಸದ ದೊಡ್ಡ ಅಕ್ಷರದಲ್ಲಿ, ಆ ಮನುಷ್ಯನ ಹೆಸರು, ಎಲ್ಲಕ್ಕಿಂತ ಮೊದಲು ಹೆಸರೇ. ಆಮೇಲೆ ಏನಾಯಿತು ಎಂಬುದು. ಹೆಸರನ್ನು ಎಂದೂ ಎರಡು ಸಾಲಿಗೆ ಮುರಿಯಬಾರದು. ಮುರಿದರೆ ಮನೆಯವರು ಅಪಶಕುನವೆಂದು ಕಚೇರಿಗೇ ಬಂದು ಜಗಳ ತೆಗೆಯುತ್ತಾರೆ. ಜಾಗ ಸಾಲದಿದ್ದರೆ ಮೊಳೆ ಚಿಕ್ಕದು ಮಾಡಬೇಕೇ ಹೊರತು ಹೆಸರಿಗೆ ಕತ್ತರಿ ಹಾಕುವ ಹಾಗಿಲ್ಲ.

“ಇಲ್ಲಿ ನೋಡಿ ಎಜೆ, ಹೆಡ್ಡಿಂಗಲ್ಲಿ ಹೆಸರೇ ಇಲ್ಲ. ಯಾರು ಹೋದ್ರು, ಯಾರ ಮಗ, ಒಂದೂ ಇಲ್ಲ. ಹೆಸರನ್ನ ತಗೊಂಡು ಹೋಗಿ ಕಾಲಡಿಗೆ ತುರುಕಿದಾನೆ. ಇಂಥ ಹೆಡ್ಡಿಂಗ್ ಕಟ್ಟಿದವನು ನನ್ನ ಕೈಗೆ ಸಿಕ್ರೆ ಕುದುರೆ ಕಾಯೋಕೆ ಕಳಿಸ್ತೀನಿ.”

“ಕುದುರೆಗಳು ಏನು ಪಾಪ ಮಾಡಿದ್ವು?” ಎಂದಳು ಕಲಿಪಾ.

ಮೂಲೆಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ತೋಯ್ಚು ಕಿಸಕ್ಕನೆ ನಕ್ಕ. ಅಚ್ಚುಯಂತ್ರ ನಡೆಸುವ ಮುದುಕ ಅವನು. ಮಾತು ಕಡಿಮೆ, ಮೀಸೆಗೆ ಸದಾ ಶಾಯಿ.

ಕಲಿಪಾ ಅವನನ್ನು ಹತ್ತಿರ ಕರೆದು ಆ ಕೆಂಪು ಹೆಸರಿನ ಬಗ್ಗೆ ವಿಚಾರಿಸಿದಳು. ಅವನು ಕೈ ಒರೆಸಿಕೊಂಡು ವಿವರಿಸಿದ. ಮಾಮೂಲಿ ದಿನ ಪತ್ರಿಕೆಯ ಹೆಸರು ಕಪ್ಪಿನಲ್ಲೇ ಇರುತ್ತದೆ, ಹಬ್ಬಕ್ಕೆ ಮಾತ್ರ ಕೆಂಪು. ಇರುವುದು ಒಂದೇ ಯಂತ್ರ. ಕೆಂಪು ಶಾಯಿ ತುಂಬಿದರೆ ಅದನ್ನು ತೊಳೆದು ಕಪ್ಪಿಗೆ ತಿರುಗಿಸುವಷ್ಟರಲ್ಲಿ ಸೊಂಟ ಬೀಳುತ್ತದೆ. ಹಾಗಾಗಿ ಹಬ್ಬಕ್ಕೆ ವಾರ ಮುಂಚೆಯೇ ಅಷ್ಟೂ ಹಾಳೆಗೆ ಬರೀ ಕೆಂಪು ಹೆಸರು ಹೊಡೆದು, ಕೆಳಗೆ ಖಾಲಿ ಬಿಟ್ಟು, ಕಟ್ಟು ಕಟ್ಟಿ ಇಟ್ಟುಬಿಡುತ್ತಾನೆ. ಸುದ್ದಿ ಆಮೇಲೆ ಕಪ್ಪಿನಲ್ಲಿ ಬೀಳುತ್ತದೆ.

ಗೋಡೆಗೆ ಒರಗಿಸಿಟ್ಟ ಆ ಕಟ್ಟಿನಿಂದ ಯಾರೋ ಒಂದು ಹಾಳೆ ಎಳೆದುಕೊಂಡಿದ್ದಾರೆ ಎಂದಾಯಿತು. ಅಚ್ಚುಮನೆಯ ಬೀಗದ ಕೈ ಇದ್ದದ್ದು ಎಸೆಂಗುಲ್, ತೋಯ್ಚು ಮತ್ತು ಶೀರ್ಷಿಕೆಗಳ ಮೊಳೆ ಜೋಡಿಸುವ ಜಿಪಾರ್, ಈ ಮೂವರ ಹತ್ತಿರ. ಜಿಪಾರ್ ಇವತ್ತು ರಜೆ ಹಾಕಿದ್ದಳು. ಅವಳು ಬಾತ್ಮಾಳ ಸೊಸೆ, ಕಾಣೆಯಾದ ಮೆದೆರ್‌ನ ಹೆಂಡತಿ. ಅತ್ತೆಗೆ ಹಬ್ಬದ ಅಡಿಗೆಗೆ ಕೈ ಬೇಕಾಗಿತ್ತು.

“ಆ ಹುಡುಗಿ ಮೇಲೆ ಮಾತ್ರ ಅನುಮಾನ ಪಡಬೇಡಿ,” ಎಂದ ಎಸೆಂಗುಲ್. “ತನ್ನ ಗಾಯಕ್ಕೆ ತಾನೇ ಯಾರಾದ್ರೂ ಉಪ್ಪು ಹಾಕ್ಕೊತಾರಾ?”

ಕಲಿಪಾಳ ತಲೆಯಲ್ಲಿ ಇನ್ನೊಂದು ವಿಷಯ ಕೊರೆಯುತ್ತಿತ್ತು. ಈ ಸೀಮೆಯಲ್ಲಿ ಒಳ್ಳೆ ಸುದ್ದಿ ತಂದವರು ಬಾಗಿಲಲ್ಲಿ ನಿಂತು ಮೊದಲು ‘ಸುಯುಂಚು’ ಎನ್ನುತ್ತಾರೆ. ಶಾಲೋ, ಸಕ್ಕರೆಯೋ, ಕುರಿಮರಿಯೋ ಕೈಗೆ ಬಿದ್ದ ಮೇಲೆಯೇ ಸುದ್ದಿ ಬಾಯಿಂದ ಹೊರಗೆ ಬರುತ್ತದೆ. ಮಗು ಹುಟ್ಟಿತೆಂದು ಹೇಳಲು ಓಡುವ ಹುಡುಗರು ಒಬ್ಬರ ಕಾಲಿಗೆ ಒಬ್ಬರು ಅಡ್ಡ ಹಾಕಿ ಬೀಳುತ್ತಾರೆ. ಅಂಥ ಊರಿನಲ್ಲಿ ಸತ್ತನೆಂದುಕೊಂಡ ಮಗ ಬದುಕಿದ್ದಾನೆ ಎಂಬ ಸುದ್ದಿ ತಂದು, ಉಡುಗೊರೆಗೆ ಕೈ ಒಡ್ಡದೆ, ಗೇಟಿಗೆ ಸಿಕ್ಕಿಸಿ ಹೋಗುವವರು ಯಾರು? ಇದನ್ನು ಅವಳು ತೋಯ್ಚುವನ್ನೇ ಕೇಳಿದಳು.

ಅವನು ಎಣ್ಣೆಡಬ್ಬಿ ಕೆಳಗಿಟ್ಟ.

“ಮನೆಯವರೇ ಆದ್ರೆ ಕೇಳಲ್ಲ. ಸ್ವಂತ ಮನೆಗೆ ಸುದ್ದಿ ತಂದು ಸುಯುಂಚು ಯಾರು ಕೇಳ್ತಾರೆ?” ಎಂದ. ಹೇಳಿದ್ದು ತಪ್ಪಾಯಿತೇನೋ ಎಂಬಂತೆ ತಿರುಗಿ ಯಂತ್ರದ ಕಡೆಗೆ ಹೊರಟುಹೋದ.

ಆಗ ಎಸೆಂಗುಲ್ ಗಂಟಲು ಸರಿಮಾಡಿಕೊಂಡ. ಹೇಳಬಾರದೆಂದು ಬಾತ್ಮಾ ಮಾತು ತಗೊಂಡಿದ್ದಾಳೆ, ಆದರೂ ಹೇಳದೆ ಇರಲಾರೆ ಎಂದು ಶುರುಮಾಡಿದ. ಹೋದ ವಾರ ಬಾತ್ಮಾ ತಾನೇ ಕಚೇರಿಗೆ ಬಂದಿದ್ದಳಂತೆ. ಹಬ್ಬ ಕಳೆದ ಮೇಲಿನ ಸಂಚಿಕೆಯಲ್ಲಿ ಮಗನ ಹೆಸರಿಗೆ ಕಪ್ಪು ಚೌಕಟ್ಟು ಹಾಕು ಎಂದು ಕೇಳಿದಳಂತೆ.

ಕಲಿಪಾ ನಂಬಲಿಲ್ಲ. ಐದು ವರ್ಷ ಮಗನ ಹೆಸರಲ್ಲಿ ಕುರಾನು ಓದಿಸಲೂ ಬಿಡದವಳು ಬಾತ್ಮಾ. ಮಸೀದಿಯ ಹಿರಿಯರು ಮಾತೆತ್ತಿದರೆ ಚಹಾ ಕೊಟ್ಟು ದಾರಿ ತೋರಿಸುತ್ತಿದ್ದಳು. ‘ಜಾರ್ಚಿ’ಯ ಕೊನೆಯ ಪುಟದ ತಳದಲ್ಲಿ ಕಪ್ಪು ಚೌಕಟ್ಟಿನೊಳಗೆ ಹೆಸರು ಬಂತೆಂದರೆ ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಮೊಹರಿಲ್ಲ. ಆ ಮನುಷ್ಯ ಸತ್ತ ಹಾಗೆಯೇ ಲೆಕ್ಕ.

“ಯಾಕೆ ಅಂತ ಕೇಳಿದೆ,” ಎಂದ ಎಸೆಂಗುಲ್. “ಸೊಸೆಗೆ ಇನ್ನೂ ವಯಸ್ಸಿದೆ ಮಗಾ, ನನ್ನ ಹಟಕ್ಕೆ ಅವಳು ಒಣಗ್ತಿದಾಳೆ, ಪೇಪರಲ್ಲಿ ಬಂದ್ರೆ ಅವಳ ತವರಿನವರು ಬಂದು ಕರ್ಕೊಂಡು ಹೋಗ್ತಾರೆ ಅಂದ್ರು. ಹೇಳ್ವಾಗ ಅಳಲಿಲ್ಲ. ಅದೇ ನನಗೆ ಕಷ್ಟ ಆಗಿದ್ದು.”

ಚೌಕಟ್ಟಿನೊಳಗೆ ಹೆಸರು ಜೋಡಿಸುವ ಕೆಲಸವನ್ನು ಜಿಪಾರ್‌ಗೆ ಹೇಳುವುದು ಹೇಗೆ? ತೋಯ್ಚುವಿಗೆ ಹೇಳಿದನಂತೆ. ಕಪ್ಪು ಗೆರೆಗಳನ್ನು ನಾಲ್ಕು ಕಡೆಗೂ ನಿಲ್ಲಿಸಿ, ಅಡಿಯಲ್ಲಿ ‘ದುಃಖತಪ್ತ ತಾಯಿ ಬಾತ್ಮಾ’ ಎಂದು ಜೋಡಿಸಿ, ಹೆಸರಿನ ಜಾಗಕ್ಕೆ ಬಂದಾಗ ಮುದುಕ ಎದ್ದುಬಿಟ್ಟನಂತೆ. ಕಣ್ಣು ಕಾಣುವುದಿಲ್ಲ ಎಂದನಂತೆ. ಒಳಗೆ ಖಾಲಿ ಬಿಟ್ಟ ಆ ಚೌಕಟ್ಟು ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಹಾಗೇ ಇತ್ತು. ಅವತ್ತು ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದವಳು ಜಿಪಾರ್.

“ನೋಡಿದ್ಲಾ?”

“ನೋಡದೆ ಏನು? ನಾನು ಬರೋ ಹೊತ್ತಿಗೆ ಅವಳು ಏನೂ ಆಗಿಲ್ಲ ಅನ್ನೋ ಹಾಗೆ ಫುಟ್‌ಬಾಲ್ ಹೆಡ್ಡಿಂಗ್ ಜೋಡಿಸ್ತಿದ್ಲು.”

ಕಲಿಪಾ ಹಾಳೆಯನ್ನು ಮಡಚಿ ಕೋಟಿನೊಳಗೆ ಇಟ್ಟುಕೊಂಡಳು. ಹಬ್ಬದ ಸಂಚಿಕೆಯನ್ನು ಸಂಜೆಯ ತನಕ ಅಚ್ಚಿಗೆ ಬಿಡಬೇಡ ಎಂದು ಹೇಳಿದ್ದಕ್ಕೆ ಎಸೆಂಗುಲ್ ತಲೆ ಚಚ್ಚಿಕೊಂಡ. ಆದರೆ ಇಲ್ಲ ಎನ್ನಲಿಲ್ಲ.

ಬಾತ್ಮಾಳ ಅಂಗಳದಲ್ಲಿ ಆಗಲೇ ಹಬ್ಬ ಇಳಿದಿತ್ತು. ದೊಡ್ಡ ಕಡಾಯಿಯಲ್ಲಿ ಮೊಳಕೆ ಗೋಧಿಯ ಸುಮೋಲೋಕ್ ಕುದಿಯುತ್ತಿತ್ತು, ಬೀದಿಯ ಹೆಂಗಸರು ಸರದಿಯ ಮೇಲೆ ಬಂದು ತಿರುವಿ, ಒಬ್ಬರ ಕಾಲನ್ನೊಬ್ಬರು ಎಳೆದು ಹೋಗುತ್ತಿದ್ದರು. ಏಪ್ರಿಕಾಟ್ ಮರದ ಬುಡದಲ್ಲಿ ಕಟ್ಟಿದ್ದ ಟಗರು ಯಾರ ಗೊಡವೆಯೂ ಇಲ್ಲದೆ ಮೆಲುಕು ಹಾಕುತ್ತಿತ್ತು. ಬಾತ್ಮಾ ಹೂವಿನ ಹೊಸ ರುಮಾಲು ತಲೆಗೆ ಸುತ್ತಿಕೊಂಡು ಕಡಾಯಿಗೆ ಸೌದೆ ಒಟ್ಟುತ್ತಿದ್ದಳು. ಮದುವಣಗಿತ್ತಿಯ ಹಾಗೆ ಕಾಣುತ್ತೀಯ ಎಂದು ಕಲಿಪಾ ರೇಗಿಸಿದರೆ, ಕೋಲಿನಿಂದ ಹೊಡೆಯಲು ಬಂದಳು.

“ಏನಂದ ಆ ಕನ್ನಡಕದವನು? ಮೊದಲ ಪುಟ ತಾನೇ?”

“ಯೋಚನೆ ಮಾಡ್ತಿದಾನೆ.”

“ಯೋಚನೆ ಮಾಡೋದೇನು? ನನ್ನ ಮಗನ ಸುದ್ದಿಗಿಂತ ಅವನಿಗೆ ಗೊಬ್ಬರದ ಸುದ್ದಿ ಹೆಚ್ಚಾಯ್ತಾ? ನಾನೇ ಹೋಗಿ ಕಿವಿ ಹಿಂಡ್ತೀನಿ.”

ಕಲಿಪಾ ಮಾತು ಮರೆಸಲೆಂದು ಟಗರಿನ ಬೆನ್ನು ಸವರಿ, ಎಷ್ಟು ಹೊತ್ತಿಗೆ ಕಡಿಯುತ್ತೀರಿ ಎಂದು ಕೇಳಿದಳು. ಕಟುಕ ಸಂಜೆಗೆ ಮುಂಚೆ ಬರುತ್ತಾನೆ ಎಂದಳು ಬಾತ್ಮಾ. ಅಷ್ಟರಲ್ಲಿ ಅಡಿಗೆಮನೆಯಿಂದ ಜಿಪಾರ್ ಬಕೆಟ್ಟು ಹಿಡಿದು ಹೊರಗೆ ಬಂದಳು. ತೆಳ್ಳಗಿನ ಹೆಂಗಸು. ಬೆರಳ ತುದಿಗೆ ಸೀಸದ ಕಪ್ಪು ಕಾಯಂ ಆಗಿ ಕೂತಿತ್ತು. ಕಲಿಪಾಳನ್ನು ನೋಡಿ ಎದೆಗೆ ಕೈ ಇಟ್ಟು ತಲೆ ಬಗ್ಗಿಸಿದಳು.

“ಅಪಾ, ಆ ಬ್ಯಾ ಅನ್ನೋದಕ್ಕೆ ನೀರು ಇಡ್ತೀನಿ,” ಎಂದಳು ಅತ್ತೆಗೆ. ಅಪಾ ಎಂದರೆ ಅಮ್ಮ.

ಕಡಾಯಿಯ ಸುತ್ತ ಇದ್ದ ಹೆಂಗಸರು ನಕ್ಕರು. ನಗು ಹಳೆಯದು, ಪ್ರೀತಿಯದು. ಜಿಪಾರ್ ಈ ಮನೆಗೆ ಬಂದ ದಿನದಿಂದ ಟಗರಿಗೆ ಟಗರು ಎಂದವಳಲ್ಲ, ಕುರಿಗೆ ಕುರಿ ಎಂದವಳಲ್ಲ. ಮಾವನ ಹೆಸರು ಕೋಯ್‌ಚು. ಅಂದರೆ ಕುರಿ ಕಾಯುವವ. ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು, ಅದರ ಸೋಂಕಿರುವ ಮಾತೂ ಬರಬಾರದು. ಈಗಿನ ಹುಡುಗಿಯರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ. ಜಿಪಾರ್ ಮಾತ್ರ ಹಳೆ ಕಾಲದವಳು. ಮಾವ ಸತ್ತ ಮೇಲೂ ಬಿಡಲಿಲ್ಲ. ಗಂಡನ ಹೆಸರಂತೂ ದೂರದ ಮಾತು. ಪೊಲೀಸರು ಕಾಣೆಯಾದವನ ಹೆಸರೇನು ಎಂದು ಕೇಳಿದಾಗ ಅತ್ತೆಯ ಕಡೆ ಕೈ ತೋರಿಸಿದವಳು ಅವಳು.

ಕಲಿಪಾ ಎಲ್ಲರ ಜೊತೆ ನಕ್ಕಳು. ನಗು ಅರ್ಧಕ್ಕೇ ನಿಂತುಹೋಯಿತು.

ಹೆಸರು ಮೊದಲು ಬರಬೇಕಾದ ಕಡೆ ಹೆಸರೇ ಇಲ್ಲ. ಕೆಟ್ಟ ಕೆಲಸಗಾರ ಎಂದುಕೊಂಡಿದ್ದ ಎಸೆಂಗುಲ್. ಕೆಲಸ ಗೊತ್ತಿಲ್ಲದವರು ಹೀಗೆ ಮಾಡುತ್ತಾರೆ, ನಿಜ. ಕೆಲಸ ಚೆನ್ನಾಗಿ ಗೊತ್ತಿದ್ದೂ ಆ ಒಂದು ಹೆಸರನ್ನು ಮಾತ್ರ ಎತ್ತಲಾರದವರೂ ಹೀಗೇ ಮಾಡುತ್ತಾರೆ. ಬಾಯಲ್ಲಿ ಹೇಳಬಾರದ ಹೆಸರನ್ನು ಕೈಯಲ್ಲಿ ಒಂದೊಂದೇ ಅಕ್ಷರ ಎತ್ತಿ ನಿಲ್ಲಿಸುವುದು ಹೇಗೆ?

ಕಲಿಪಾಗೆ ಖುಷಿಯಾಗಲಿಲ್ಲ. ಕಳ್ಳ ಸಿಕ್ಕಾಗ ಆಗುವ ಖುಷಿ ಈ ಸಲ ಎಲ್ಲೋ ತಪ್ಪಿಸಿಕೊಂಡಿತ್ತು. ಬಕೆಟ್ಟು ಇಟ್ಟು ಒಳಗೆ ಹೋದ ಜಿಪಾರ್‌ಳ ಹಿಂದೆ ಅವಳೂ ಅಡಿಗೆಮನೆಗೆ ನಡೆದು, ಬಾಗಿಲು ಮುಂದೆ ಮಾಡಿಕೊಂಡಳು.

ಜಿಪಾರ್ ಬಾಣಲೆಯಲ್ಲಿ ಹಿಟ್ಟಿನ ತುಂಡುಗಳನ್ನು ಬಿಡುತ್ತಿದ್ದಳು. ಬೋರ್ಸೋಕ್ ಉಬ್ಬಿ ಮೇಲೆ ತೇಲುತ್ತಿದ್ದವು. ಕಲಿಪಾ ತಟ್ಟೆಯಿಂದ ಒಂದು ಎತ್ತಿಕೊಂಡು, ಬಿಸಿಯೆಂದು ಕೈಯಿಂದ ಕೈಗೆ ಹಾಕಿಕೊಂಡು, ಗೋಡೆಯ ಪಕ್ಕದ ಮಣೆಯ ಮೇಲೆ ಕೂತಳು.

“ಆ ಹೆಡ್ಡಿಂಗ್ ಜೋಡಿಸಿದ್ದು ನೀನೇ ಅಲ್ವಾ?”

ಜಿಪಾರ್ ತಿರುಗಲಿಲ್ಲ. ಕೈಯಲ್ಲಿದ್ದ ಜಾಲರಿ ಸೌಟು ಮಾತ್ರ ನಿಂತಿತು.

“ಹೂಂ.”

“ಸುಳ್ಳು ಅಂತ ಗೊತ್ತಿದ್ದೂ?”

“ಗೊತ್ತಿದ್ದೂ, ಎಜೆ.”

ಎಣ್ಣೆಯಲ್ಲಿದ್ದವು ಕಪ್ಪಾಗುತ್ತಿದ್ದವು. ಕಲಿಪಾ ಎದ್ದು ಅವಳ ಕೈಯಿಂದ ಸೌಟು ಇಸಿದುಕೊಂಡು ಎಲ್ಲವನ್ನೂ ತಟ್ಟೆಗೆ ತೆಗೆದಳು. ಒಲೆಯಿಂದ ಬಾಣಲೆ ಇಳಿಸಿದಳು. ಅವಳಿಗೆ ಸಿಟ್ಟು ಬಂದಿತ್ತು. ಈ ಹುಡುಗಿಯನ್ನು ತಬ್ಬಿಕೊಳ್ಳಬೇಕು ಎಂದೂ ಅನ್ನಿಸುತ್ತಿತ್ತು. ಎರಡೂ ಒಟ್ಟಿಗೆ ಬಂದರೆ ಅವಳ ದನಿ ಒರಟಾಗುತ್ತಿತ್ತು.

“ನಿಮ್ಮತ್ತೆ ಬೀದಿಗೆಲ್ಲ ಊಟ ಹೇಳಿದಾಳೆ. ಪೇಪರ್ ಬರಲ್ಲ, ಮಗ ಬರಲ್ಲ. ಆಮೇಲೆ ಅವಳ ಗತಿ ಏನು ಅಂತ ಒಂದು ಸಲನಾದ್ರೂ ಯೋಚನೆ ಮಾಡಿದ್ಯಾ?”

ಜಿಪಾರ್ ನೆಲಕ್ಕೆ ಕೂತುಬಿಟ್ಟಳು. ಆಮೇಲೆ ಎಲ್ಲ ಹೇಳಿದಳು. ಶನಿವಾರ ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಮೇಜಿನ ಮೇಲೆ ಕಪ್ಪು ಚೌಕಟ್ಟು, ಅಡಿಯಲ್ಲಿ ಅತ್ತೆಯ ಹೆಸರು, ನಡುವೆ ಖಾಲಿ. ಆ ಖಾಲಿ ಜಾಗ ಯಾರಿಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅತ್ತೆ ಯಾಕೆ ಹೀಗೆ ಮಾಡುತ್ತಿದ್ದಾಳೆ ಎಂಬುದೂ ಗೊತ್ತಾಯಿತು. ತವರಿಂದ ಅಣ್ಣ ಬಂದು ಹೋದಾಗಿನಿಂದ ಅತ್ತೆ ತನ್ನ ಕಡೆ ನೋಡುವ ನೋಟವೇ ಬೇರೆಯಾಗಿತ್ತು, ಹೊರಟು ನಿಂತವರನ್ನು ನೋಡುವ ಹಾಗೆ.

“ಚೌಕಟ್ಟು ಬಂದ್ರೆ ಅಣ್ಣ ಬರ್ತಾನೆ, ನನ್ನ ಕರ್ಕೊಂಡು ಹೋಗ್ತಾನೆ. ಅಪಾಗೆ ಆಮೇಲೆ ಯಾರಿದಾರೆ? ರಾತ್ರಿ ಕಾಲು ಸೆಳೆದ್ರೆ ಯಾರು ತಿಕ್ತಾರೆ? ಚಹಾಕ್ಕೆ ಹಾಲು ಮೊದಲು ಹಾಕಬೇಕು, ಆಮೇಲೆ ಉಪ್ಪು, ಇಲ್ಲಾಂದ್ರೆ ಕುಡಿಯಲ್ಲ. ಯಾರಿಗೆ ಗೊತ್ತು ಅದು? ಎಜೆ, ನಾನು ನಮ್ಮನೆಯವರಿಗೋಸ್ಕರ ಕಾಯ್ತಾ ಈ ಮನೇಲಿ ಉಳಿದೆ ಅಂತ ಊರೆಲ್ಲ ಅಂದ್ಕೊಂಡಿದೆ. ಮೊದಮೊದಲು ಹೌದು. ಈಗ ಅಪಾಗೋಸ್ಕರ ಉಳಿದಿದೀನಿ. ನನಗೆ ತಾಯಿ ಇಲ್ಲ, ಇರೋದು ಇವರೊಬ್ಬರೇ.”

ಕಲಿಪಾ ಕೈಯಲ್ಲಿ ಆರಿದ ಬೋರ್ಸೋಕನ್ನು ತಟ್ಟೆಗೆ ಹಾಕಿದಳು.

ಅಪಾ ಇದನ್ನು ನೋಡಿದರೆ ಚೌಕಟ್ಟು ಬೇಡವೆಂದು ತಾನೇ ಹೋಗಿ ಹೇಳುತ್ತಾಳೆ, ಅಷ್ಟೇ ಸಾಕು ಎಂದುಕೊಂಡಿದ್ದಳಂತೆ ಜಿಪಾರ್. ಎಸೆಂಗುಲ್ ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ಶೀರ್ಷಿಕೆ ಜೋಡಿಸಿ, ಹಬ್ಬದ ಕಟ್ಟಿನಿಂದ ಒಂದು ಹಾಳೆ ಎಳೆದು, ಕೈಯಲ್ಲೇ ಶಾಯಿ ಸವರಿ ಅಚ್ಚು ಒತ್ತಿದಳಂತೆ. ಕೆಂಪು ಹೆಸರಿನ ಹಾಳೆ ಯಾಕೆ ಎಂದು ಕಲಿಪಾ ಕೇಳಿದ್ದಕ್ಕೆ, ಒಳ್ಳೆ ಸುದ್ದಿ ಅಲ್ವಾ ಎಂದಳು. ಸುಳ್ಳಾದರೂ ಒಳ್ಳೆ ಸುದ್ದಿಗೆ ಕಪ್ಪು ತಲೆ ಹಾಕಲು ಮನಸ್ಸು ಬರಲಿಲ್ಲವಂತೆ.

ಕಲಿಪಾ ಕಣ್ಣೊರೆಸಿಕೊಂಡಳು, ಒಲೆಯ ಹೊಗೆಯನ್ನು ಬೈದಳು.

“ಅಲ್ಲ ಕಣೇ, ಹೆಡ್ಡಿಂಗಲ್ಲಿ ಹೆಸರು ಹಾಕೋಕೆ ಕೈ ಬರಲಿಲ್ಲ, ಅದು ಅರ್ಥ ಆಯ್ತು. ಅದನ್ನ ತಗೊಂಡು ಹೋಗಿ ಕೆಳಗಿನ ಸಾಲಿಗೆ ಹಾಕಿದ್ಯಲ್ಲ, ಅಲ್ಲಿ ಹೇಗೆ ಕೈ ಬಂತು? ಗಂಡನ ಹೆಸರು, ಮೇಲಿಂದ ಮಾವನ ಹೆಸರು. ಅಕ್ಷರ ಸಣ್ಣದಾದ್ರೆ ದೋಷ ಇಲ್ವಾ?”

ಜಿಪಾರ್ ಮುಖ ಎತ್ತಿದಳು.

“ಯಾವ ಕೆಳಗಿನ ಸಾಲು?”

“ಹಾಳೇಲಿ ಇದೆಯಲ್ಲ.”

“ನಾನು ಜೋಡಿಸಿದ್ದು ಒಂದೇ ಸಾಲು ಎಜೆ. ಆಮೇಲೆ ಇನ್ನೊಂದು ಮಾತು. ಅದನ್ನ ಗೇಟಿಗೆ ಇಟ್ಟಿದ್ದು ನಾನಲ್ಲ. ಮನೆಗೆ ಬರೋ ಹೊತ್ತಿಗೆ ನನಗೆ ಧೈರ್ಯ ಹೋಯ್ತು. ಇಂಥ ವಿಷಯದಲ್ಲಿ ಸುಳ್ಳು ಹೇಳಿದ್ರೆ ದೇವರು ಮೆಚ್ಚಲ್ಲ ಅನ್ನಿಸ್ತು. ಈ ಒಲೆಗೇ ಹಾಕಿ ಸುಟ್ಟೆ.”

ಹಾಗಾದರೆ ಮೊಳೆಗಳು ಏನಾದವು ಎಂದು ಕಲಿಪಾ ಕೇಳಿದಳು. ಅವತ್ತು ಅವನ್ನು ಬಿಚ್ಚಲು ಮನಸ್ಸಾಗದೆ, ಹುರಿ ಕಟ್ಟಿ ಮೇಜಿನ ಕೆಳಗೆ ಸರಿಸಿಟ್ಟಿದ್ದಳಂತೆ. ಸೋಮವಾರ ಹೋಗಿ ನೋಡಿದರೆ ಯಾರೋ ಬಿಚ್ಚಿ ಗೂಡುಗಳಿಗೆ ಹಾಕಿಬಿಟ್ಟಿದ್ದರು. ತೋಯ್ಚು ಅದನ್ನು ಕಂಡು, ತನ್ನ ಮಾನ ಉಳಿಸಲು ಸುಮ್ಮನೆ ಎತ್ತಿಟ್ಟಿದ್ದಾನೆ ಎಂದುಕೊಂಡಿದ್ದಳು. ನಿನ್ನೆ ಕೆಲಸದಿಂದ ಬಂದಾಗ ಅತ್ತೆ ಕುಣಿಯುತ್ತಾ ಹಾಳೆ ಸಿಕ್ಕಿದ್ದನ್ನು ಹೇಳಿದಳು. ಆಗಿನಿಂದ ಅವಳಿಗೆ ಅದೇ ಯೋಚನೆ. ಸುಟ್ಟ ಹಾಳೆ ಗೇಟಿಗೆ ಹೇಗೆ ಬಂತು? ತೋರಿಸಿ ಎನ್ನಲು ಬಾಯಿ ಬರಲಿಲ್ಲ, ಅಪಾ ಪೆಟ್ಟಿಗೆ ತೆಗೆಯಲೂ ಇಲ್ಲ.

ಕಲಿಪಾ ಕೋಟಿನೊಳಗಿಂದ ಹಾಳೆ ತೆಗೆದು ಮಡಿಕೆ ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಬಾತ್ಮಾ ಒಳಗೆ ಬಂದಳು.

“ಇಬ್ಬರೂ ಸೇರಿ ಬೋರ್ಸೋಕ್ ಮುಗಿಸ್ತಿದೀರಾ? ಸೀದ ವಾಸನೆ ಅಂಗಳದ ತನಕ ಬಂದಿದೆ.” ಹಾಳೆ ನೋಡಿದ್ದೇ ಅವಳ ಮುಖ ಮೆತ್ತಗಾಯಿತು. “ಓ, ಇದಾ. ಜಿಪಾರ್, ನಿನಗೆ ನಾನು ತೋರಿಸಲೇ ಇಲ್ಲ ನೋಡು. ಹಬ್ಬದ ದಿನ ಎಲ್ಲರ ಎದುರಿಗೆ ನಿನ್ನ ಕೈಲೇ ಓದಿಸಬೇಕು ಅಂತಿದ್ದೆ. ಇರಲಿ, ಈಗಲೇ ಓದು. ಕೆಳಗೆ ಇನ್ನೂ ಏನೋ ಸಣ್ಣದಾಗಿ ಇದೆ, ನನ್ನ ಕಣ್ಣಿಗೆ ಹತ್ತಲಿಲ್ಲ. ಈ ಕಲಿಪಾ ಬೆಳಿಗ್ಗೆ ಓದ್ಕೊಂಡ್ಲು, ನನಗೆ ಹೇಳಲಿಲ್ಲ ಕಳ್ಳಿ.”

ಕಲಿಪಾ ಬೇಡ ಎನ್ನಬೇಕೆಂದಿದ್ದಳು. ಸೊಸೆ ಸುಳ್ಳು ಕಟ್ಟಿದಳು ಎಂದು ಈಗಲೇ ಹೇಳಿ ಮುಗಿಸಿಬಿಡಬೇಕೆಂದೂ ಇದ್ದಳು. ಆದರೆ ಹಾಳೆ ಆಗಲೇ ಜಿಪಾರ್‌ಳ ಕೈ ಸೇರಿತ್ತು. ಅವಳು ದಪ್ಪ ಅಕ್ಷರಗಳನ್ನು ಓದಲೇ ಇಲ್ಲ, ಅವು ಅವಳವೇ. ಕಣ್ಣು ನೇರ ಕೆಳಗಿನ ಸಾಲಿಗೆ ಹೋಯಿತು. ಅಲ್ಲೇ ನೆಟ್ಟಿತು.

“ಓದೇ.”

ಜಿಪಾರ್‌ಳ ಬೆರಳು ಆ ಸಾಲಿನ ಕೆಳಗೆ ನಿಂತಿತು. ಅತ್ತೆಯ ಕಡೆ ನೋಡಿದಳು. ಅಪ್ಪಣೆ ಕೇಳುವ ನೋಟ ಅದು. ಬಾತ್ಮಾಗೆ ಅರ್ಥವಾಗಲಿಲ್ಲ. ಮತ್ತೆ ಓದು ಎಂದು ಕೈ ಸನ್ನೆ ಮಾಡಿದಳು.

“ಕೋಯ್‌ಚುವಿನ ಮಗ,” ಎಂದಳು ಜಿಪಾರ್. ನಿಲ್ಲಿಸಿದಳು. ಆಮೇಲೆ ಎಂದಳು, “ಮೆದೆರ್.”

ಹೊರಗೆ ಹೆಂಗಸರು ನಗುತ್ತಿದ್ದರು. ಬಾತ್ಮಾ ನಿಂತಲ್ಲೇ ನಿಂತಳು. ಈ ಮನೆಯಲ್ಲಿ ಆ ಬಾಯಿಂದ ಆ ಹೆಸರು ಕೇಳಿದ್ದು ಅದೇ ಮೊದಲು. ಬೈಯುತ್ತಾಳೇನೋ ಎಂದು ಕಲಿಪಾ ಕಾದಳು. ಬಾತ್ಮಾ ಬೈಯಲಿಲ್ಲ, ಗೋಡೆ ಹಿಡಿದುಕೊಂಡು ಮಣೆಯ ಮೇಲೆ ಕೂತಳು.

“ಪೂರ್ತಿ ಓದು ಮಗಳೇ.”

“ಕಾರಾ-ಗೋವ್ ಸುಣ್ಣದ ಭಟ್ಟಿಯಲ್ಲಿ. ಎಡಗಿವಿ ಕೇಳದು, ಉಳಿದಂತೆ ಕ್ಷೇಮ.”

“ಎಡಗಿವಿಯಾ?” ಬಾತ್ಮಾಳ ಹುಬ್ಬು ಗಂಟಿಕ್ಕಿತು. “ಇದ್ಯಾಕೆ ಹೀಗೆ ಬರೆದಿದಾರೆ? ಅವನ ಕಿವಿ ಚೆನ್ನಾಗೇ ಇತ್ತಲ್ಲ. ಹೊರಟ ದಿನ ಈ ಬಾಗಿಲಲ್ಲಿ ನಿಂತು ನನ್ನ ಜೊತೆ ಮಾತಾಡಿ ಹೋದ.”

ಕಲಿಪಾಗೆ ಅದೇ ಸಾಕಾಗಿತ್ತು. ತಾಯಿಗೇ ಗೊತ್ತಿಲ್ಲದ ಕಿವುಡು, ನಂಬಿಸಲಿಕ್ಕೆ ಸೇರಿಸಿದ ಚಿಲ್ಲರೆ ವಿವರ. ಇನ್ನು ಸತ್ಯ ಹೇಳಿಬಿಡುವುದೇ ಸರಿ ಎಂದು ಬಾಯಿ ತೆರೆದಳು.

“ಇಲ್ಲ ಅಪಾ,” ಎಂದಳು ಜಿಪಾರ್. “ನೀವು ಅವತ್ತು ಬಲಗಡೆ ನಿಂತಿದ್ರಿ. ಹಿಂದಿನ ದಿನ ನೀವು ಸಂತೆಗೆ ಹೋಗಿದ್ದಾಗ ಹಿತ್ತಲಲ್ಲಿ ಅವರು ಟೈರಿಗೆ ಗಾಳಿ ತುಂಬ್ತಿದ್ರು, ಅದು ಸಿಡೀತು. ಎಡಗಿವಿಯಿಂದ ರಕ್ತ ಬಂತು, ಆಮೇಲೆ ಏನೂ ಕೇಳಿಸ್ತಿರಲಿಲ್ಲ. ಅಮ್ಮನಿಗೆ ಹೇಳಿದ್ರೆ ದಾರಿಗೆ ಬಿಡಲ್ಲ, ಯಾರಿಗೂ ಹೇಳಬೇಡ ಅಂದ್ರು. ನಾನು ಇವತ್ತಿನ ತನಕ ಹೇಳಿಲ್ಲ.”

“ಯಾರಿಗೂ?” ಎಂದಳು ಕಲಿಪಾ.

“ಯಾರಿಗೂ, ಎಜೆ. ಅಣ್ಣನಿಗೂ ಇಲ್ಲ, ಪೊಲೀಸಿನವರಿಗೂ ಇಲ್ಲ. ಅವರನ್ನ ಬಿಟ್ರೆ ಗೊತ್ತಿದ್ದಿದ್ದು ನನಗೊಬ್ಬಳಿಗೇ.”

ಅಂಗಳದಲ್ಲಿ ಗಂಡಸಿನ ದನಿ ಕೇಳಿಸಿತು. ಕಟುಕ ಬಂದಿದ್ದ. ಟಗರು ಬಿಚ್ಚಲಾ ಎಂದು ಗೇಟಿನಿಂದಲೇ ಕೂಗಿ ಕೇಳುತ್ತಿದ್ದ.

ಬಾತ್ಮಾ ಹಾಳೆಯನ್ನು ಸೊಸೆಯ ಕೈಯಿಂದ ತಗೊಂಡು, ತನಗೆ ಕಾಣದ ಆ ಸಣ್ಣ ಸಾಲಿನ ಮೇಲೆ ಬೆರಳಾಡಿಸಿದಳು.

“ಹಾಗಾದ್ರೆ ಇದನ್ನ ಬರೆದವರು ನನ್ನ ಮಗನ ಬಾಯಿಂದಲೇ ಕೇಳಿ ಬರೆದಿದಾರೆ,” ಎಂದಳು. “ಯಾರು ಕಲಿಪಾ ಅವರು? ನನ್ನ ಮನೆ ಬಾಗಿಲ ತನಕ ಬಂದು, ಒಳಗೆ ಯಾಕೆ ಬರಲಿಲ್ಲ?”

ಕಟ್ಟಿಟ್ಟ ಮೊಳೆಗೆ ಇನ್ನೊಂದು ಸಾಲು ಸೇರಿಸಿ ಒತ್ತಿದ್ದು ಯಾರಿರಬಹುದು ಎಂದುಕೊಂಡ ಕಲಿಪಾಗೆ, ಕಪ್ಪು ಚೌಕಟ್ಟಿನೊಳಗೆ ಆ ಹೆಸರು ಜೋಡಿಸಲಾರದೆ ಎದ್ದುಬಿಟ್ಟ ಮುದುಕ ನೆನಪಾದ.